ಹೆದರಬೇಕಾದ ಅಂಕಿ ಬೇರೆ

“ಸರ, ನಮ್ಮ ವೈಫೈ ಡಬ್ಬಿ ಮ್ಯಾಲೆ ಒಂದು ಆಂಪಿಯರ್ ಅಂತ ಬರದೈತಿ. ಅಂಗಡ್ಯಾಗ ಎರಡು ಆಂಪಿಯರಿನ ಅಡಾಪ್ಟರ್ ಕೊಟ್ಟಾರ. ಹಚ್ಚಿದ್ರ ಡಬ್ಬಿ ಸುಡತೈತೇನ್ರಿ?” ಈ ಅಂಕಣ ಓದುವವರು, ಅದರಲ್ಲೂ ಹೊಸರಿತ್ತಿ ಮತ್ತು ಸುತ್ತಲಿನ ಹಳ್ಳಿಗಳವರು, ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಡಬ್ಬಿಯ ಜಾಗದಲ್ಲಿ ಒಮ್ಮೆ ಸೆಟ್‌ಟಾಪ್ ಬಾಕ್ಸ್ ಇರುತ್ತದೆ, ಒಮ್ಮೆ ಸಿಸಿಟಿವಿ ಕ್ಯಾಮೆರಾ, ಒಮ್ಮೆ ಭಜನಾ ಮಂಡಳಿಯ ಕೀಬೋರ್ಡ್. ಭಯ ಮಾತ್ರ ಒಂದೇ: ಆಂಪಿಯರ್ ಹೆಚ್ಚಾದರೆ ಸಾಮಾನು ಸುಟ್ಟುಹೋಗುತ್ತದೆ ಎಂಬುದು. ಉತ್ತರ ಮೊದಲೇ ಹೇಳಿಬಿಡುತ್ತೇನೆ, ಸುಡುವುದಿಲ್ಲ. ಆದರೆ ಹೀಗೆ ಕೇಳಿದವರಿಗೆ “ವೋಲ್ಟ್ ಎಷ್ಟೈತಿ?” ಎಂದು ತಿರುಗಿ ಕೇಳಿದರೆ, “ಅದನ್ನ ನೋಡಿಲ್ರಿ, ಪಿನ್ನು ಮಾತ್ರ ಬರೋಬ್ಬರಿ ಕುಂತೈತಿ” ಎನ್ನುತ್ತಾರೆ. ನನಗೆ ಭಯವಾಗುವುದು ಆಗ.

ಅಡಾಪ್ಟರಿನ ಬೆನ್ನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಏನೇನೋ ಅಚ್ಚಾಗಿರುತ್ತದೆ. ಅದರಲ್ಲಿ ನಮಗೆ ಬೇಕಾದದ್ದು ಎರಡೇ ಸಾಲು. ‘ಇನ್‌ಪುಟ್’ ಎಂಬುದು ಗೋಡೆಯ ಪ್ಲಗ್ಗಿನಿಂದ ಅದು ತೆಗೆದುಕೊಳ್ಳುವುದು, ‘ಔಟ್‌ಪುಟ್’ ಎಂಬುದು ನಿಮ್ಮ ಉಪಕರಣಕ್ಕೆ ಅದು ಕೊಡುವುದು. ಔಟ್‌ಪುಟ್ ಸಾಲಿನಲ್ಲಿ 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ, ಎರಡನ್ನೂ ಗುಣಿಸಿದಾಗ ಬರುವ 24 ವಾಟ್ ಅದರ ಒಟ್ಟು ತಾಕತ್ತು. ಉಪಕರಣದ ಹಿಂಭಾಗದಲ್ಲಿ ಅಥವಾ ತಳದಲ್ಲಿಯೂ ಇಂಥದೇ ಒಂದು ಸಾಲು ಇರುತ್ತದೆ. ಜೋಡಿ ಕೂಡಿಸಬೇಕಾದದ್ದು ಈ ಎರಡು ಬರಹಗಳನ್ನು. ಅಡಾಪ್ಟರಿನ ಬಣ್ಣ, ಗಾತ್ರ, ಕಂಪನಿಯ ಹೆಸರು, ಪಿನ್ನಿನ ದಪ್ಪ ಇವೆಲ್ಲ ಆಮೇಲಿನ ಮಾತು.

ಆಂಪಿಯರಿನ ಲೆಕ್ಕ ಹೀಗಿದೆ. ಮದುವೆ ಮನೆಯಲ್ಲಿ ಐನೂರು ಮಂದಿಗೆ ಅಡುಗೆ ಆಗಿದೆ ಎಂದು ಪಂಕ್ತಿಯಲ್ಲಿ ಕೂತವನು ಐನೂರು ಮಂದಿಯ ಊಟ ಉಣ್ಣುವುದಿಲ್ಲ, ತನ್ನ ಹೊಟ್ಟೆಗೆ ಬೇಕಾದಷ್ಟೇ ಉಣ್ಣುತ್ತಾನೆ. ಅಡಾಪ್ಟರಿನ ಮೇಲಿನ ಆಂಪಿಯರ್ ಎಂದರೆ ಅದು ಹೆಚ್ಚೆಂದರೆ ಎಷ್ಟು ಕೊಡಬಲ್ಲದು ಎಂಬ ಮಾತು, ಅಷ್ಟನ್ನೂ ಒಳಗೆ ತಳ್ಳಿಯೇ ತೀರುತ್ತದೆ ಎಂದಲ್ಲ. ಒಂದು ಆಂಪಿಯರ್ ಬೇಡುವ ರೂಟರಿಗೆ ಎರಡು ಆಂಪಿಯರಿನ ಅಡಾಪ್ಟರ್ ಹಚ್ಚಿದರೆ ರೂಟರ್ ಒಂದನ್ನೇ ಎಳೆದುಕೊಳ್ಳುತ್ತದೆ. ಅಡಾಪ್ಟರಿಗೂ ಅರ್ಧ ದುಡಿಮೆ, ಬಿಸಿ ಕಡಿಮೆ, ಬಾಳಿಕೆ ಹೆಚ್ಚು. ಆದರೆ ಹತ್ತು ಪಟ್ಟು ದೊಡ್ಡದನ್ನು ತಂದು ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಉಪಕರಣದೊಳಗೆ ಎಲ್ಲಿಯಾದರೂ ಶಾರ್ಟ್ ಆದರೆ ಸಣ್ಣ ಅಡಾಪ್ಟರ್ ತಾನೇ ಕೈಚೆಲ್ಲಿ ನಿಲ್ಲುತ್ತದೆ. ದೊಡ್ಡದು ನಿಲ್ಲದೆ ಕೊಡುತ್ತಲೇ ಹೋಗಿ ತೆಳು ವೈರನ್ನು ಕಾಯಿಸುತ್ತದೆ. ಎರಡು ಪಟ್ಟು, ಮೂರು ಪಟ್ಟು ಏನೂ ತೊಂದರೆಯಿಲ್ಲ.

ವೋಲ್ಟಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಅದನ್ನು ಉಪಕರಣ ಆರಿಸಿಕೊಳ್ಳುವುದಿಲ್ಲ, ಅಡಾಪ್ಟರ್ ಹೇರುತ್ತದೆ. 12 ವೋಲ್ಟಿನ ರೂಟರ್ ಬಿಚ್ಚಿ ನೋಡಿದರೆ ಕರೆಂಟ್ ಬರುವ ಬಾಗಿಲಲ್ಲೇ ಸಣ್ಣ ಉರುಟು ಕೆಪ್ಯಾಸಿಟರ್ ಕಾಣುತ್ತದೆ. ಅದರ ಮೈಮೇಲೆ ಸಾಮಾನ್ಯವಾಗಿ 16 ವೋಲ್ಟ್ ಎಂದು ಬರೆದಿರುತ್ತದೆ. 12ಕ್ಕೆ 16 ಎಂದರೆ ತಯಾರಿಸಿದವರು ಬಿಟ್ಟ ಅಂಚು ಅಷ್ಟೇ. ಅಲ್ಲಿಗೆ ಹಳೆಯ ಲ್ಯಾಪ್‌ಟಾಪಿನ 19 ವೋಲ್ಟಿನ ಅಡಾಪ್ಟರನ್ನೋ, ನೀರು ಶುದ್ಧ ಮಾಡುವ ಆರ್‌ಓ ಯಂತ್ರದ 24 ವೋಲ್ಟಿನದನ್ನೋ ಹಚ್ಚಿದರೆ ಕೆಪ್ಯಾಸಿಟರಿನ ತಲೆ ಉಬ್ಬುತ್ತದೆ, ಕೆಲವೊಮ್ಮೆ ಸಿಡಿಯುತ್ತದೆ. ಅದಕ್ಕೂ ಮೊದಲೇ ಪಕ್ಕದಲ್ಲಿರುವ ಚಿಪ್ ಸತ್ತಿರುತ್ತದೆ. ಒಂದು ಕ್ಷಣ ಸಾಕು, “ಹಚ್ಚಿ ನೋಡಿ ತೆಗೆದ್ನಿರಿ” ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ವೋಲ್ಟ್ ಕಡಿಮೆಯಾದರೆ ಹಾನಿ ಅಷ್ಟು ಬೇಗ ಕಾಣುವುದಿಲ್ಲ. 12 ಬೇಡುವ ಡಬ್ಬಿಗೆ 9 ವೋಲ್ಟ್ ಕೊಟ್ಟರೆ ದೀಪ ಹತ್ತುತ್ತದೆ, ಇಂಟರ್ನೆಟ್ ಬರುವುದಿಲ್ಲ, ಡಬ್ಬಿ ಆಗಾಗ ತಾನೇ ಆಫ್ ಆಗಿ ಆನ್ ಆಗುತ್ತದೆ. ಜನ ಬೈಯುವುದು ಮಾತ್ರ ಕೇಬಲ್ಲಿನವನನ್ನು.

ಹಾಗಿದ್ದರೆ ಆಂಪಿಯರಿನ ಭಯ ಎಲ್ಲಿಂದ ಬಂತು? ಅದು ಮೂಢನಂಬಿಕೆಯಲ್ಲ ಎಂಬುದು ನನ್ನ ತೀರ್ಮಾನ. ಅದು ಎಲಿಮಿನೇಟರ್ ಕಾಲದ ಭಯ. ಧಾರವಾಡ ಆಕಾಶವಾಣಿ ಕೇಳುವ ಟ್ರಾನ್ಸಿಸ್ಟರಿಗೆ, ಟೇಪ್ ರೆಕಾರ್ಡರಿಗೆ ಸೆಲ್ ಖರ್ಚು ತಪ್ಪಿಸಲು ಮನೆಮನೆಯಲ್ಲೂ ಒಂದು ಕಪ್ಪು ಎಲಿಮಿನೇಟರ್ ಇರುತ್ತಿತ್ತಲ್ಲ, ಕೈಯಲ್ಲಿ ಹಿಡಿದರೆ ಕಲ್ಲಿನ ಭಾರ, 3ರಿಂದ 12 ವೋಲ್ಟಿನವರೆಗೆ ತಿರುಗಿಸುವ ಸ್ವಿಚ್ಚು. ಅದರೊಳಗೆ ಇದ್ದದ್ದು ಕಬ್ಬಿಣದ ತಗಡಿಗೆ ಸುತ್ತಿದ ತಾಮ್ರದ ತಂತಿಯ ಟ್ರಾನ್ಸ್‌ಫಾರ್ಮರ್, ಡಯೋಡು, ಒಂದು ಕೆಪ್ಯಾಸಿಟರ್, ಅಷ್ಟೇ. ವೋಲ್ಟೇಜನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆ ಬಹಳಷ್ಟರಲ್ಲಿ ಇರಲೇ ಇಲ್ಲ. 9 ವೋಲ್ಟ್ ಎಂದು ಬರೆದಿದ್ದರೆ ಅದು ಪೂರ್ತಿ ಲೋಡು ಬಿದ್ದಾಗ ಮಾತ್ರ 9. ಲೋಡು ಕಡಿಮೆಯಾದಂತೆ 12, 13ಕ್ಕೂ ಏರುತ್ತಿತ್ತು. ದೊಡ್ಡ ಆಂಪಿಯರಿನ ಎಲಿಮಿನೇಟರನ್ನು ಸಣ್ಣ ರೇಡಿಯೊಗೆ ಹಚ್ಚಿದರೆ ರೇಡಿಯೊ ಎಳೆಯುವ ಲೋಡು ಅದಕ್ಕೆ ಲೆಕ್ಕಕ್ಕೇ ಬರುತ್ತಿರಲಿಲ್ಲ, ಆದ್ದರಿಂದ ವೋಲ್ಟ್ ಮೇಲೆ ಹೋಗುತ್ತಿತ್ತು, ರೇಡಿಯೊ ಸುಡುತ್ತಿತ್ತು. ಆಗಲೂ ಸುಟ್ಟದ್ದು ವೋಲ್ಟಿನಿಂದ, ಹೆಸರು ಬಂದದ್ದು ಆಂಪಿಯರಿಗೆ. ರಿಪೇರಿ ಕಲಿಸಿದ ಗುರುಗಳು “ದೊಡ್ಡದು ಹಚ್ಚಬ್ಯಾಡ” ಎಂದರು, ಶಿಷ್ಯರು ಅದನ್ನೇ ಹೇಳುತ್ತ ಬಂದರು.

ಈಗಿನ ಹಗುರ ಅಡಾಪ್ಟರುಗಳು ಬೇರೆ ಜಾತಿ. ಎಸ್‌ಎಂಪಿಎಸ್ ಎನ್ನುವ ಇವುಗಳೊಳಗಿನ ಚಿಪ್, ಹೊರಗೆ ಹೋಗುತ್ತಿರುವ ವೋಲ್ಟ್ ಎಷ್ಟಿದೆ ಎಂದು ನೋಡುತ್ತ, ಸೆಕೆಂಡಿಗೆ ಸಾವಿರಾರು ಸಲ ಸ್ವಿಚ್ ಮಾಡಿ ಅದನ್ನು ಸರಿಪಡಿಸುತ್ತ ಇರುತ್ತದೆ. ಲೋಡು ಹೆಚ್ಚಿರಲಿ, ಕಡಿಮೆಯಿರಲಿ, 12 ಎಂದರೆ ಸರಿಸುಮಾರು 12. ಯಾವ ಜಾತಿಯದು ಎಂದು ತಿಳಿಯಲು ಕೈಯಲ್ಲಿ ತೂಗಿ ನೋಡಿದರೆ ಸಾಕು. ಇನ್ನೂ ಖಾತ್ರಿ ಬೇಕೆಂದರೆ ಇನ್‌ಪುಟ್ ಸಾಲು ಓದಿ: 100ರಿಂದ 240 ವೋಲ್ಟ್ ಎಂದಿದ್ದರೆ ಹೊಸ ಬಗೆ, ಬರೀ 230 ಎಂದಿದ್ದು ಕೈಗೂ ಭಾರವೆನಿಸಿದರೆ ಹಳೆಯ ಬಗೆ. ಅಟ್ಟದ ಮೇಲಿಂದ ಇಳಿಸಿದ ಹಳೆಯ ಎಲಿಮಿನೇಟರನ್ನು ದಯವಿಟ್ಟು ಇಂದಿನ ರೂಟರಿಗೆ ಹಚ್ಚಬೇಡಿ.

ಇನ್ನು ಎಲ್ಲರೂ ನಂಬುವ ಪಿನ್ನಿನ ವಿಚಾರ. ಪಿನ್ನು ಕೂತರೆ ಅಡಾಪ್ಟರ್ ಸರಿ ಎಂಬ ಈ ನಂಬಿಕೆಗೆ ಯಾವ ಆಧಾರವೂ ಇಲ್ಲ. ಹೊರಗೆ 5.5 ಮಿಲಿಮೀಟರ್, ಒಳಗೆ 2.1 ಮಿಲಿಮೀಟರ್ ರಂಧ್ರದ ಉರುಟು ಪಿನ್ನು 5 ವೋಲ್ಟಿನ ಅಡಾಪ್ಟರಿಗೂ ಬರುತ್ತದೆ, 9ಕ್ಕೂ, 12ಕ್ಕೂ, 24ಕ್ಕೂ ಬರುತ್ತದೆ. ಇಂಥ ವೋಲ್ಟಿಗೆ ಇಂಥದೇ ಪಿನ್ನು ಎಂಬ ಕಟ್ಟಳೆಯನ್ನು ತಯಾರಕರು ಪಾಲಿಸಲೇ ಇಲ್ಲ. ನನ್ನನ್ನು ಕೇಳಿದರೆ ಈ ಉದ್ಯಮದ ದೊಡ್ಡ ಬೇಜವಾಬ್ದಾರಿ ಇದೇ. ಅದೇ ಹೊರಗಾತ್ರದ, ಒಳಗೆ 2.5 ಮಿಲಿಮೀಟರಿನ ಇನ್ನೊಂದು ಪಿನ್ನಿದೆ. ಕಣ್ಣಿಗೆ ಎರಡೂ ಒಂದೇ. 2.5ರದ್ದನ್ನು 2.1ರ ಸಾಕೆಟ್ಟಿಗೆ ಚುಚ್ಚಿದರೆ ಒಳಗೆ ಹೋಗುತ್ತದೆ, ಆದರೆ ಸಡಿಲ. ವೈರನ್ನು ಒಂದು ಕಡೆ ಬಗ್ಗಿಸಿ, ಪುಸ್ತಕದ ಭಾರ ಇಟ್ಟರೆ ಮಾತ್ರ ನಡೆಯುವ ಡಬ್ಬಿಗಳು ಎಷ್ಟೋ ಮನೆಯಲ್ಲಿವೆ. ಅವುಗಳಲ್ಲಿ ಕೆಲವಕ್ಕಾದರೂ ಕಾಯಿಲೆ ಇದೇ.

ಪಿನ್ನಿನೊಳಗೆ ಇನ್ನೊಂದು ಗುಟ್ಟಿದೆ, ಪ್ಲಸ್ ಎಲ್ಲಿ, ಮೈನಸ್ ಎಲ್ಲಿ ಎಂಬುದು. ಸ್ಟಿಕ್ಕರಿನ ಮೇಲೆ ನಡುವೆ ಒಂದು ಚುಕ್ಕೆ, ಅದರ ಸುತ್ತ ಅರ್ಧ ಬಳೆ, ಎರಡು ಬದಿಗೆ ಪ್ಲಸ್ ಮೈನಸ್ ಇರುವ ಸಣ್ಣ ಚಿತ್ರವಿರುತ್ತದೆ. ಚುಕ್ಕೆಗೆ ಸೇರಿದ ಗುರುತು ಪಿನ್ನಿನ ಒಳಗಿನದು, ಬಳೆಗೆ ಸೇರಿದ್ದು ಹೊರಗಿನದು. ರೂಟರ್, ಕ್ಯಾಮೆರಾ, ಸೆಟ್‌ಟಾಪ್ ಬಾಕ್ಸುಗಳಲ್ಲಿ ಸಾಮಾನ್ಯವಾಗಿ ಒಳಗೆ ಪ್ಲಸ್. ಸಂಗೀತದ ಸಾಮಾನುಗಳಲ್ಲಿ ಮಾತ್ರ ಎಚ್ಚರ ಬೇಕು. ಹಳೆಯ ಕ್ಯಾಸಿಯೊ ಕೀಬೋರ್ಡುಗಳಲ್ಲಿ ಹಲವು 9 ವೋಲ್ಟಿನವು, ಒಳಗೆ ಮೈನಸ್. ಯಮಹಾ ಕೀಬೋರ್ಡುಗಳಲ್ಲಿ ಬಹಳಷ್ಟು 12 ವೋಲ್ಟಿನವು, ಒಳಗೆ ಪ್ಲಸ್. ಜಾತ್ರೆಯ ನಾಟಕಕ್ಕೆ ಇಬ್ಬರು ವಾದಕರು ಬಂದು, ಒಬ್ಬರು ಅಡಾಪ್ಟರ್ ಮರೆತು ಇನ್ನೊಬ್ಬರದನ್ನು ಕಡ ಕೇಳಿದರೆ ವೋಲ್ಟೂ ತಪ್ಪು, ದಿಕ್ಕೂ ತಪ್ಪು. ಕೆಲವು ಉಪಕರಣಗಳೊಳಗೆ ಉಲ್ಟಾ ಕರೆಂಟ್ ತಡೆಯುವ ಡಯೋಡ್ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಇದೆಯೋ ಇಲ್ಲವೋ ಎಂದು ಪರೀಕ್ಷಿಸಲು ರಂಗದ ಮೇಲಿನ ಪರದೆ ಏಳುವ ಹೊತ್ತು ಒಳ್ಳೆಯದಲ್ಲ. ಜೊತೆಗೆ ಔಟ್‌ಪುಟ್ ಅಂಕಿಯ ಪಕ್ಕದ ಗುರುತನ್ನೂ ನೋಡಿ. ಒಂದು ನೇರ ಗೀಟು, ಅದರ ಕೆಳಗೆ ಮೂರು ತುಂಡು ಗೀಟು ಇದ್ದರೆ ಡಿಸಿ. ಬಳುಕು ಗೀಟಿದ್ದರೆ ಎಸಿ. ಹಳೆಯ ಮೋಡೆಮ್, ಕೆಲವು ಅಲಂಕಾರದ ದೀಪದ ಸರಗಳಿಗೆ ಎಸಿ ಕೊಡುವ ಅಡಾಪ್ಟರುಗಳೂ ಇವೆ.

ಆಂಪಿಯರ್ ಹೆಚ್ಚಾದೀತೆಂದು ಹೆದರಿ ಕಡಿಮೆ ಮಾಡಿಕೊಳ್ಳುವವರ ಪಾಡು ನೋಡಬೇಕೆಂದರೆ ಸಿಸಿಟಿವಿ ನೋಡಿ. ಹಾವೇರಿ ಹತ್ತಿರದ ಒಬ್ಬ ಗೊಬ್ಬರದ ಅಂಗಡಿಯವರು, “ಹಗಲೆಲ್ಲ ಚಲೋ ನಡೀತಾವ್ರಿ, ಕತ್ತಲಾಗೂದ ತಡ ಒಂದೊಂದ ಬಂದ್ ಆಗ್ತಾವ, ಕಳ್ಳರಿಗೆ ಮೊದಲ ಹೇಳಿ ಇಟ್ಟಂಗ ಐತಿ” ಎಂದು ನಗುತ್ತಲೇ ದೂರು ಹೇಳಿದ್ದರು. ಕತ್ತಲಾದಾಗ ಕ್ಯಾಮೆರಾದ ಸುತ್ತಲಿನ ಇನ್‌ಫ್ರಾರೆಡ್ ದೀಪಗಳು ಹೊತ್ತಿಕೊಳ್ಳುತ್ತವೆ, ಕರೆಂಟಿನ ಬೇಡಿಕೆ ಏರುತ್ತದೆ. ಒಂದೊಂದು ಕ್ಯಾಮೆರಾಕ್ಕೆ ಅರ್ಧ ಆಂಪಿಯರ್ ಎಂದು ಹಿಡಿದರೂ ನಾಲ್ಕಕ್ಕೆ 2 ಆಂಪಿಯರ್. ಅವರು ಹಚ್ಚಿದ್ದ ಅಡಾಪ್ಟರಿನ ಮೇಲೆ ಬರೆದಿದ್ದದ್ದೂ ಸರಿಯಾಗಿ 2, ಉಸಿರಾಡಲು ಜಾಗವೇ ಇಲ್ಲ. ಸಾಲದ್ದಕ್ಕೆ ಗೋದಾಮಿನ ತನಕ ಎಳೆದ ತೆಳು ವೈರಿನಲ್ಲಿ ಒಂದಿಷ್ಟು ವೋಲ್ಟ್ ಕರಗಿಹೋಗುತ್ತಿತ್ತು. 12 ವೋಲ್ಟಿನದೇ, ಆದರೆ 5 ಆಂಪಿಯರಿನ ಸಪ್ಲೈ ಹಾಕಿಸಿ ಎಂದೆ. “ಐದಾ? ಕ್ಯಾಮೆರಾ ಸುಡಂಗಿಲ್ಲೇನ್ರಿ?” ಎಂದರು. ಮತ್ತೆ ಅದೇ ಭಯ. ಹಾಕಿಸಿದರು, ಸುಡಲಿಲ್ಲ. ಉಪಕರಣಗಳ ಒಟ್ಟು ಬೇಡಿಕೆಗಿಂತ ಅಡಾಪ್ಟರಿನ ಆಂಪಿಯರ್ ಕಾಲು ಭಾಗವಾದರೂ ಹೆಚ್ಚಿರಲಿ. ಕೈಯಿಂದ ಹಿಡಿಯಲಾಗದಷ್ಟು ಬಿಸಿಯಾಗುವ ಅಡಾಪ್ಟರ್ ತನ್ನ ಶಕ್ತಿ ಮೀರಿ ದುಡಿಯುತ್ತಿದೆ ಎಂದೇ ತಿಳಿಯಿರಿ.

ನಮ್ಮ ಭಾಗದಲ್ಲಿ ನಿಜವಾಗಿ ಬೆಂಕಿಯ ಅಪಾಯ ಇರುವುದು ಬ್ಯಾಟರಿ ಪಂಪಿನಲ್ಲಿ. ಹತ್ತಿ, ಮೆಣಸಿನಕಾಯಿ, ಗೋವಿನಜೋಳದ ಹೊಲಕ್ಕೆ ಔಷಧ ಹೊಡೆಯಲು ಬೆನ್ನಿಗೆ ಹಾಕಿಕೊಳ್ಳುವ ಪಂಪು ಈಗ ಮನೆಗೊಂದು. ಇವುಗಳಲ್ಲಿ ಹೆಚ್ಚಿನವು 12 ವೋಲ್ಟಿನ, ಸೀಸ ಮತ್ತು ಆಮ್ಲದ ಬ್ಯಾಟರಿಯವು. ಈಚೆಗೆ ಹಗುರವೆಂದು ಲಿಥಿಯಂ ಬ್ಯಾಟರಿಯವೂ ಬರುತ್ತಿವೆ, ಅವುಗಳ ಮೇಲೂ 12 ವೋಲ್ಟ್ ಎಂದೇ ಬರೆದಿರುತ್ತದೆ. ಇಲ್ಲಿ ಮಾತ್ರ ‘ವೋಲ್ಟ್ ಕೂಡಿದರೆ ಸಾಕು’ ಎಂಬ ನನ್ನ ಸೂತ್ರವೂ ಕೈಕೊಡುತ್ತದೆ. ಏಕೆಂದರೆ ಚಾರ್ಜರ್ ಬೇರೆ, ಅಡಾಪ್ಟರ್ ಬೇರೆ. ಸೀಸದ ಬ್ಯಾಟರಿಯ ಚಾರ್ಜರ್ 12 ಎಂದು ಬರೆದುಕೊಂಡರೂ ತುಂಬುವಾಗ 14 ವೋಲ್ಟ್ ದಾಟುತ್ತದೆ, ಆ ಬ್ಯಾಟರಿಗೆ ಅಷ್ಟು ಬೇಕೇ ಬೇಕು. ಮೂರು ಸೆಲ್ಲಿನ ಲಿಥಿಯಂ ಬ್ಯಾಟರಿ ಪೂರ್ತಿ ತುಂಬುವುದು 12.6 ವೋಲ್ಟಿಗೆ, ಅಂದರೆ ಸೆಲ್ಲಿಗೆ 4.2. ಅದಕ್ಕೆ ಸೀಸದ ಚಾರ್ಜರಿನ 14.4 ವೋಲ್ಟ್ ಕೊಟ್ಟರೆ ಸೆಲ್ಲಿಗೆ 4.8 ಬಿತ್ತು. ಒಳಗಿನ ರಕ್ಷಣೆಯ ಸರ್ಕ್ಯೂಟ್ ಒಳ್ಳೆಯದಿದ್ದರೆ ತಡೆಯುತ್ತದೆ. ಅಗ್ಗದ್ದಾಗಿದ್ದರೆ ಸೆಲ್ ಉಬ್ಬಿ, ಹೊಗೆಯಾಡಿ, ಹೊತ್ತಿ ಉರಿಯಬಹುದು. ಅದೂ ಎಲ್ಲಿ? ರಾತ್ರಿಯಿಡೀ ಚಾರ್ಜಿಗಿಟ್ಟ ಪಡಸಾಲೆಯಲ್ಲಿ, ಮೇವಿನ ಬದಿಯಲ್ಲಿ. ತಿರುಗಾಮುರುಗಾ ಮಾಡಿದರೆ, ಅಂದರೆ ಲಿಥಿಯಂ ಚಾರ್ಜರನ್ನು ಸೀಸದ ಬ್ಯಾಟರಿಗೆ ಹಚ್ಚಿದರೆ ಬೆಂಕಿಯಿಲ್ಲ. ಆದರೆ ಬ್ಯಾಟರಿ ಎಂದೂ ಪೂರ್ತಿ ತುಂಬದೆ ಒಳಗೇ ಗಡ್ಡೆಗಟ್ಟಿ ಬೇಗನೆ ಸಾಯುತ್ತದೆ. ಪಂಪಿನ ಚಾರ್ಜರ್ ಕಳೆದರೆ ಬರೀ ವೋಲ್ಟ್ ಹೇಳಬೇಡಿ, ಬ್ಯಾಟರಿ ಯಾವುದೆಂದು ಹೇಳಿ ತೆಗೆದುಕೊಳ್ಳಿ. ನೆರೆಮನೆಯವರ ಚಾರ್ಜರ್ ಕಡ ತರುವ ಪದ್ಧತಿಯನ್ನಂತೂ ಬಿಟ್ಟೇಬಿಡಿ.

ಮೊಬೈಲಿನವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ. “65 ವಾಟಿನ ಚಾರ್ಜರ್ ನಮ್ಮ ಹಳೆ ಫೋನಿಗೆ ನಡೀತೈತೇನ್ರಿ?” ಎಂದರೆ ನಡೆಯುತ್ತದೆ. ಒಳ್ಳೆಯ ಟೈಪ್-ಸಿ ಚಾರ್ಜರ್ ಮೊದಲು ಕೊಡುವುದು 5 ವೋಲ್ಟ್ ಮಾತ್ರ. ಫೋನು ಕೇಳಿದರೆ 9, ಲ್ಯಾಪ್‌ಟಾಪ್ ಕೇಳಿದರೆ 20ರ ತನಕ ಏರಿಸುತ್ತದೆ. ಕೇಳದಿದ್ದರೆ 5ರಲ್ಲೇ ಇರುತ್ತದೆ. ಆ ಉರುಟು ಪಿನ್ನಿಗೆ ಇಲ್ಲದ ಬುದ್ಧಿ ಇದಕ್ಕಿದೆ. ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ ಹೊಸ ಫೋನುಗಳಿಗೆ ಟೈಪ್-ಸಿ ಕಡ್ಡಾಯವಾಯಿತು, ಭಾರತೀಯ ಮಾನಕ ಬ್ಯೂರೊ ಕೂಡ ಟೈಪ್-ಸಿಗೆ ಮಾನಕ ಪ್ರಕಟಿಸಿದೆ. ರೂಟರು, ಕ್ಯಾಮೆರಾಗಳಿಗೂ ಅದೇ ಬರಲಿ ಎಂಬುದು ನನ್ನ ಆಸೆ. ಲ್ಯಾಪ್‌ಟಾಪಿನ ಉರುಟು ಪಿನ್ನಿನವುಗಳಲ್ಲಿ ವೋಲ್ಟ್ ಕೂಡಿದರೂ ಚಾರ್ಜ್ ಆಗದ ಪ್ರಕರಣಗಳುಂಟು. ಉದಾಹರಣೆಗೆ ಡೆಲ್‌ನವು ಪಿನ್ನಿನ ನಡುವಿನ ಸೂಜಿಯ ಮೂಲಕ ಅಡಾಪ್ಟರಿನ ಗುರುತು ಕೇಳುತ್ತವೆ, ಉತ್ತರ ಬಾರದಿದ್ದರೆ ಬ್ಯಾಟರಿ ತುಂಬಿಸುವುದಿಲ್ಲ. ಅದು ದೋಷವಲ್ಲ.

ಅಮೆರಿಕದಿಂದ ಬರುವ ಮಕ್ಕಳು ತರುವ ಸಾಮಾನುಗಳಲ್ಲಿ ನೋಡಬೇಕಾದದ್ದು ಇನ್‌ಪುಟ್ ಸಾಲು. ಅಲ್ಲಿಯ ಮನೆಗಳಲ್ಲಿ 120 ವೋಲ್ಟ್, ನಮ್ಮಲ್ಲಿ 230. ಫೋನು, ಲ್ಯಾಪ್‌ಟಾಪ್ ಚಾರ್ಜರುಗಳ ಮೇಲೆ 100ರಿಂದ 240 ಎಂದಿರುತ್ತದೆ, ಪಿನ್ನು ಬದಲಿಸುವ ತುಂಡೊಂದಿದ್ದರೆ ಸಾಕು. ಕೂದಲು ನೇರ ಮಾಡುವ ಕಡ್ಡಿ, ಕಾಫಿ ಯಂತ್ರ, ಕೂಸಿನ ಹಾಲು ಬಿಸಿ ಮಾಡುವ ಪಾತ್ರೆಗಳ ಮೇಲೆ ಬಹುಮಟ್ಟಿಗೆ ಬರೀ 120 ಎಂದಿರುತ್ತದೆ. ಅದೇ ತುಂಡು ಹಚ್ಚಿ ಇಲ್ಲಿ ಚುಚ್ಚಿದರೆ ವೋಲ್ಟ್ ಸುಮಾರು ಎರಡು ಪಟ್ಟು, ಆದರೆ ಹುಟ್ಟುವ ಶಾಖ ಮೂರೂವರೆ ಪಟ್ಟಿಗೂ ಹೆಚ್ಚು. ಆ ತುಂಡು ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟನ್ನಲ್ಲ.

ಎಲ್ಲ ಸರಿಯಿದ್ದೂ ಅಡಾಪ್ಟರುಗಳು ಒಟ್ಟೊಟ್ಟಿಗೆ ಸಾಯುವುದುಂಟು. ಮಳೆಗಾಲದ ಗಾಳಿಗೆ ಕಂಬದ ನ್ಯೂಟ್ರಲ್ ತಂತಿ ಕಡಿದರೆ ಓಣಿಯ ಕೆಲವು ಮನೆಗಳಲ್ಲಿ ದೀಪ ಮಂಕಾಗುತ್ತದೆ, ಕೆಲವದರಲ್ಲಿ ಬಲ್ಬು ಕಣ್ಣು ಕುಕ್ಕುವಂತೆ ಉರಿಯುತ್ತದೆ. ಉರಿಯುವ ಮನೆಗೆ 400ರ ಹತ್ತಿರ ವೋಲ್ಟ್ ಬರುತ್ತಿರಬಹುದು. 240ಕ್ಕೆಂದು ಮಾಡಿದ ಅಡಾಪ್ಟರ್ ತಾಳುವುದು ಅದಕ್ಕಿಂತ ಸ್ವಲ್ಪವೇ ಮೇಲೆ. ಬೆಳಕು ಹೀಗೆ ಹೊಯ್ದಾಡಿದರೆ ಮೊದಲು ಮೇನ್ ಸ್ವಿಚ್ ತೆಗೆಯಿರಿ, ಆಮೇಲೆ ವಿದ್ಯುತ್ ಕಂಪನಿ ಹೆಸ್ಕಾಂನ 1912ಕ್ಕೆ ಫೋನ್ ಮಾಡಿ.

ಅಗ್ಗದ ನಕಲಿಗಳ ಬಗ್ಗೆ ಒಂದೇ ಮಾತು. ಗೋಡೆಯ 230 ವೋಲ್ಟಿಗೂ ನಿಮ್ಮ ಕೈ ತಾಗುವ 5 ವೋಲ್ಟಿಗೂ ನಡುವೆ ಅಡಾಪ್ಟರಿನೊಳಗೆ ಕೆಲವು ಮಿಲಿಮೀಟರ್ ಅಂತರ, ಒಂದು ಪದರ ನಿರೋಧಕ ಇರಲೇಬೇಕು. ನಕಲಿಯವನು ಹಣ ಉಳಿಸುವುದು ಅಲ್ಲಿಯೇ. ಕಡ್ಡಾಯ ನೋಂದಣಿ ಆದೇಶದಡಿ ಕಂಪ್ಯೂಟರು, ಮೊಬೈಲು, ಟಿವಿ ಮುಂತಾದವುಗಳ ಅಡಾಪ್ಟರುಗಳಿಗೆ ಮಾನಕ ಬ್ಯೂರೊದ ಗುರುತು ಬೇಕು. ಅದರೊಡನೆ ಇಂಗ್ಲಿಷಿನ ಆರ್ ಅಕ್ಷರ, ಮುಂದೆ ಎಂಟು ಅಂಕಿಯ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಎಂಬ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಬರುತ್ತದೆ, ಬಾರದಿದ್ದರೆ ಅಂಗಡಿಯವರಿಗೇ ವಾಪಸ್ ಕೊಡಿ.

ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿಯವರ ಊರಾದ ಹೊಸರಿತ್ತಿಯಲ್ಲಿ ಗಾಂಧಿ ಗ್ರಾಮೀಣ ಗುರುಕುಲವಿದೆ, ಸುತ್ತಲಿನ ಊರುಗಳಲ್ಲಿ ಹೈಸ್ಕೂಲುಗಳಿವೆ. ಹತ್ತನೇ ತರಗತಿಯ ವಿಜ್ಞಾನದಲ್ಲಿ ವೋಲ್ಟ್, ಆಂಪಿಯರ್, ವಾಟ್ ಮೂರೂ ಪಾಠಕ್ಕಿವೆ. ಮಕ್ಕಳು ಪರೀಕ್ಷೆಗೆಂದು ಲೆಕ್ಕ ಬಿಡಿಸುತ್ತಾರೆ, ಮನೆಯ ಅಡಾಪ್ಟರ್ ಓದುವುದಿಲ್ಲ. ಶಿಕ್ಷಕರಲ್ಲಿ ನನ್ನ ಕೋರಿಕೆ, ಆ ಪಾಠದ ದಿನ ಮನೆಯಿಂದ ಒಂದೊಂದು ಅಡಾಪ್ಟರ್ ತರಲು ಹೇಳಿ. ಪಾಲಕರಿಗೂ ಒಂದು ಮಾತು: ಈ ಭಾನುವಾರ ಆ ಮಕ್ಕಳನ್ನೇ ಕೆಲಸಕ್ಕೆ ಹಚ್ಚಿ. ಮನೆಯ ಪ್ರತಿ ಅಡಾಪ್ಟರಿನ ಮೇಲೆ ಬಿಳಿ ಪಟ್ಟಿ ಅಂಟಿಸಿ, ಅದು ಯಾವ ಉಪಕರಣದ್ದು, ಎಷ್ಟು ವೋಲ್ಟ್ ಎಂದು ದಪ್ಪ ಅಕ್ಷರದಲ್ಲಿ ಬರೆಯಲಿ. ಉಪಕರಣದ ಹಿಂದಿನ ಸ್ಟಿಕ್ಕರಿನ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಅಡಾಪ್ಟರ್ ಕೆಟ್ಟ ದಿನ ಅಂಗಡಿಗೆ ಹೋಗಿ ಪಿನ್ನು ತೋರಿಸಬೇಡಿ, ಆ ಫೋಟೊ ತೋರಿಸಿ.